ಯಾರರೆ ಉಳದೀರೇನ್ರಿ?

ಪಂಢರಿ ಮಾಮಾ ನೌಕರಿಯಿಂದ ನಿವೃತ್ತರಾಗಿ ವರ್ಷಗಳಾದವು. ಅವರ ಬಾಯಿ ಮಾತ್ರ ಇನ್ನೂ ಡ್ಯೂಟಿಯ ಮೇಲಿದೆ. ಮನೆಗೆ ಬಂದ ನೆಂಟರು ಬಾಗಿಲಲ್ಲಿ ಗುಂಪುಗೂಡಿ ನಿಂತರೆ "ಒಳಗ ನಡೀರಿ, ಒಳಗ ನಡೀರಿ, ಹಿಂದ ಜಾಗಾ ಭಾಳ ಅದ" ಎನ್ನುತ್ತಾರೆ. ಊಟಕ್ಕೆ ಕುಳಿತವರ ತಲೆಗಳನ್ನು ಬೆರಳು ಮಾಡಿ ಎಣಿಸುತ್ತಾರೆ. ನನ್ನ ಮದುವೆಯಲ್ಲಿ ಬೌದ್ಧ ಭಿಕ್ಷು ಭಂತೇಜಿಯವರು ಕೊನೆಯ ಗಾಥೆ ಹೇಳಿ ಮುಗಿಸಿ, ನಾವಿಬ್ಬರು ಹಾರ ಹಾಕಿಕೊಂಡ ಮರುಕ್ಷಣವೇ ಹಿಂದಿನಿಂದ "ರೈಟ್!" ಎಂಬ ಕೂಗು ಕೇಳಿಸಿತು. ಫೋಟೋದಲ್ಲಿ ನನ್ನ ಗಂಡ ಬೆಚ್ಚಿಬಿದ್ದ ಮುಖದಲ್ಲೇ ಇದ್ದಾನೆ. ಇಂದಿಗೂ ಪೂರ್ತಿ ಸುಧಾರಿಸಿಕೊಂಡಿಲ್ಲ ಎಂದು ನನ್ನ ಅನುಮಾನ.

ಮಾಮಾ ನನ್ನ ಅವ್ವನ ತಮ್ಮ. ಊರು ಭಾಲ್ಕಿ ತಾಲ್ಲೂಕಿನ ಮೆಹಕರ. ಅವರ ಹೊಲದ ಬದುವಿನ ಮೇಲೆ ನಿಂತು ಜೋರಾಗಿ ಕೆಮ್ಮಿದರೆ ಮಹಾರಾಷ್ಟ್ರಕ್ಕೆ ಕೇಳಿಸುತ್ತದೆ. ಕೆಲಸ ಮಾಡಿದ್ದು ಬೀದರ-ಔರಾದ ಬಸ್ಸಿನಲ್ಲಿ, ಕಂಡಕ್ಟರಾಗಿ. ಆ ದಾರಿಯಲ್ಲಿ ಒಂದು ಊರಿನಲ್ಲಿ ಕನ್ನಡ ಹತ್ತಿದರೆ ಮುಂದಿನ ಊರಿನಲ್ಲಿ ಮರಾಠಿ ಹತ್ತುತ್ತದೆ, ಬಾಗಿಲಿಗೆ ತೆಲುಗು, ದಖ್ಖನಿ ಜೋತುಬಿದ್ದಿರುತ್ತವೆ. ಮಾಮಾ ಪ್ರತಿಯೊಬ್ಬರನ್ನೂ ಅವರವರ ಭಾಷೆಯಲ್ಲೇ ಬೈಯುತ್ತಿದ್ದರು. ಹಾಗಾಗಿ ಯಾರಿಗೂ ಬೇಸರವಾಗುತ್ತಿರಲಿಲ್ಲ.

ಅವರದೊಂದು ಚಾಳಿ ಇತ್ತು. ಸ್ಟಾಪು ಬಿಡುವ ಮುಂಚೆ ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ, ಬಂದ ದಾರಿಯನ್ನೊಮ್ಮೆ ನೋಡಿ, "ಯಾರರೆ ಉಳದೀರೇನ್ರಿ?" ಎಂದು ಕೂಗಬೇಕು. ದೂರದಲ್ಲಿ ಯಾವಳೋ ಮುದುಕಿ ಗಂಟು ಹೊತ್ತು ಬರುತ್ತಿದ್ದರೆ ಬಸ್ಸು ನಿಂತೇ ಇರಬೇಕು. ಅವಳು ಬಸ್ಸಿಗೇ ಬರುತ್ತಿರಬೇಕೆಂದೂ ಇಲ್ಲ. ಸಂತೆಯಿಂದ ಮನೆಗೆ ನಡೆದು ಹೊರಟವರನ್ನೂ ಮಾಮಾ ಕಾದು ಹತ್ತಿಸಿಕೊಂಡ ದಾಖಲೆಗಳಿವೆ. ಜೊತೆಗಿದ್ದ ಡ್ರೈವರ್ ಫಕ್ರೋದ್ದೀನ ಚಾಚಾ ಈಗಲೂ ಸಿಕ್ಕವರೆದುರು ಗೋಳು ತೋಡಿಕೊಳ್ಳುತ್ತಾರೆ: "ಇಂವನ ಸಂಬಂಧ ನನ್ನ ಗಾಡಿ ಒಂದ್ ದಿನಾನೂ ಟೈಮಿಗಿ ಔರಾದ ಮುಟ್ಟಿಲ್ರಿ. ಅಲ್ಲಾನ ಕಸಮ್, ಒಂದ್ ದಿನಾನೂ."

ಇಂಥ ಮಾಮಾನ ನಿಜವಾದ ಕೀರ್ತಿ ಇರುವುದು ಬಸ್ಸಿನಲ್ಲಲ್ಲ, ಸೀತನಿಯಲ್ಲಿ.

ಸೀತನಿ ಎಂದರೆ ಹಾಲು ಗಟ್ಟಿಯಾಗುತ್ತಿರುವ ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟು ತಿನ್ನುವುದು. ನೆಲದಲ್ಲಿ ಗುಣಿ ತೋಡಿ, ಸಗಣಿ ಕುಳ್ಳು ಉರಿಸಿ ಕೆಂಡ ಮಾಡಿ, ತೆನೆಗಳನ್ನು ದಂಟಿನ ಸಮೇತ ಅದರೊಳಗೆ ಹುಗಿಯಬೇಕು. ಹಸಿರು ಮಾಸಿ ಘಮ ಬಿಟ್ಟಾಗ ಎಳೆದು, ಸುಡುಸುಡು ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ, ಕಾಳನ್ನು ಬಾಯಿಗೆ ಹಾಕಿಕೊಳ್ಳಬೇಕು. ಪಕ್ಕದಲ್ಲಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಹಸಿಖಾರ, ಬೆಲ್ಲ, ಗಟ್ಟಿ ಮೊಸರು. ಬಿಸಿ ಇದ್ದಾಗ ತಿಂದರೆ ಸೀತನಿ, ಆರಿದರೆ ಬರೀ ಕಾಳು. ಅತ್ತಲಾಗಿನ ಮರಾಠಿ ಮಂದಿ ಇದನ್ನೇ ಹುರಡಾ ಎನ್ನುತ್ತಾರೆ. ಅವರು ಕಲಿತದ್ದು ನಮ್ಮನ್ನು ನೋಡಿಯೇ ಎಂಬುದು ಮಾಮಾನ ಇತಿಹಾಸ. ಬೀದರ ಜಿಲ್ಲೆ ಬಿಟ್ಟರೆ ಲೋಕದಲ್ಲಿ ಯಾರಿಗೂ ಜೋಳ ಸುಡಲು ಬರುವುದಿಲ್ಲವೆಂದು ಅವರು ನಂಬಿದ್ದರು.

ಪ್ರತಿ ವರ್ಷ ಎಳ್ಳ ಅಮಾವಾಸ್ಯೆ ಮುಗಿದು ತೆನೆ ಹದಕ್ಕೆ ಬಂದಾಗ ಮಾಮಾ ಮಂದಿಯನ್ನು ಕರೆಯಲು ಹೊರಡುತ್ತಿದ್ದರು. ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಅವರ ಕಣ್ಣಿಗೆ ಬಿದ್ದವರಿಗೆ ಬಿಡುಗಡೆ ಇರಲಿಲ್ಲ. ಬಂದವರೆಲ್ಲ ಗುಣಿಯ ಸುತ್ತ ಒಂದೇ ಸುತ್ತಿನಲ್ಲಿ ಕೂಡಬೇಕು. ಯಾರೂ ದೂರ ನಿಲ್ಲುವಂತಿಲ್ಲ. ಕಡೆಗೆ ಗುಣಿಗೆ ಬೂದಿ ಮುಚ್ಚುವ ಮುಂಚೆ ಅದೇ ಹಳೆಯ ಕೂಗು: "ಯಾರರೆ ಉಳದೀರೇನ್ರಿ?" ಯಾರೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ "ರೈಟ್!" ಎಂದು ಬೂದಿ ಎಳೆಯುತ್ತಿದ್ದರು.

ಇದನ್ನೆಲ್ಲ ನಾನು ನಗುತ್ತಲೇ ಹೇಳುತ್ತಿದ್ದೇನೆ, ಆದರೆ ಇದರ ಬೇರು ನಗೆಯದಲ್ಲ. ಮಾಮಾನ ಅವ್ವ, ಅಂದರೆ ನನ್ನ ಅಜ್ಜಿ, ಮಂದಿಯ ಹೊಲದಲ್ಲಿ ಕೂಲಿ ಮಾಡಿದವಳು. ಗೌಡರ ಹೊಲದಲ್ಲಿ ಸೀತನಿ ನಡೆದಾಗ ತೆನೆ ಕೊಯ್ದು ತಂದು ಕೊಡುವವಳು ಅವಳು, ಗುಣಿಯಿಂದ ದೂರ ನಿಲ್ಲುವವಳೂ ಅವಳೇ. ಎಲ್ಲರದೂ ಮುಗಿದ ಮೇಲೆ ಉಳಿದ ಆರಿದ ಕಾಳನ್ನು ಮೇಲಿನಿಂದ ಅವಳ ಸೆರಗಿಗೆ ಹಾಕುತ್ತಿದ್ದರು. ಪಕ್ಕದಲ್ಲಿ ಚಿಕ್ಕ ಮಾಮಾ ನಿಂತಿರುತ್ತಿದ್ದರು. ನೌಕರಿ ಸಿಕ್ಕು, ಹೊಟ್ಟೆ ಬಟ್ಟೆ ಕಟ್ಟಿ ಮೆಹಕರದಲ್ಲಿ ಹೊಲ ಕೊಂಡಾಗ, ಬಾವಿಯ ಪಕ್ಕದ ಒಂದು ಪಟ್ಟಿಯಲ್ಲಿ ಮಾಮಾ ಮೊದಲು ಬಿತ್ತಿದ್ದೇ ಸೀತನಿಯ ಜೋಳ. ಮೊದಲ ಬಿಸಿ ಹಿಡಿ ಅವ್ವನ ಕೈಗೆ ಕೊಟ್ಟರಂತೆ. ಅಂದಿನಿಂದ ಆ ಪಟ್ಟಿಗೆ ಬೇರೆ ಬೀಜ ಬಿದ್ದಿಲ್ಲ.

ಈ ಸಲ ಅಪಾಯಕ್ಕೆ ಸಿಕ್ಕಿದ್ದು ಆ ಪಟ್ಟಿಯೇ.

ಹೊಲ ಮಾಮಾನ ಹೆಸರಿನಲ್ಲಿದೆ, ನಡೆಯುವುದು ಮಾಮಿಯ ಕೈಯಲ್ಲಿ. ಸುಭದ್ರಾಬಾಯಿ ಮಾಮಿ ಕಮಲನಗರದ ಕಡೆಯವರು, ಮಾತು ಕಡಿಮೆ, ತೂಕ ಜಾಸ್ತಿ. ಮಾಮಾ ಬಸ್ಸಿನ ಮೇಲೆ ಇದ್ದಷ್ಟೂ ಕಾಲ ಬಿತ್ತಿದ್ದು, ಕಳೆ ತೆಗೆಸಿದ್ದು, ರಾಶಿ ಮಾಡಿಸಿದ್ದು ಎಲ್ಲ ಅವರೇ. ಎಳ್ಳ ಅಮಾವಾಸ್ಯೆಯ ದಿನ ಕಾಳು ತರಕಾರಿಯ ಭಜ್ಜಿ ಬಡಿಸುತ್ತ ಬಡಿಸುತ್ತ ಮಾಮಿ ಒಂದು ಹುಕುಂ ಹೊರಡಿಸಿದರು. ಅದನ್ನು ಮಾಮಾ ಮರುದಿನವೇ ಫೋನಿನಲ್ಲಿ, ಪಿಸುದನಿಯಲ್ಲಿ ನನಗೆ ವರದಿ ಮಾಡಿದರು.

"ಸುಮನಾ, ನಿಮ್ಮ ಮಾಮಿ ಏನಂದಾಳ ಗೊತ್ತೇನು? ಹೋದ ವರ್ಷ ಬಂದವರೆಲ್ಲಾ ಒಂದ್ ಹಿಡಿ ತಿಂದ್ರು, ಸಾಕ್ರಿ ಅಂದ್ರು, ಫೋಟೋ ಹೊಡಕೊಂಡು ಎದ್ದು ಹೋದ್ರು. ಹಕ್ಕಿ ಕಾಯೋದು ನಾ, ಕೊಯ್ಯೋದು ನಾ. ಈ ಸಲ ಯಾರರೆ ಒಬ್ಬರು ತಾವಾಗೇ ಎರಡನೇ ಹಿಡಿ ಕೇಳಿದ್ರ ಪಟ್ಟಿ ಉಳೀತದ. ಇಲ್ಲಂದ್ರ ಮುಂದಿನ ಹಿಂಗಾರಿಗಿ ಅಲ್ಲೂ ಕಡ್ಲಿ ಹಾಕ್ತೇನಿ ಅಂದಾಳ."

"ಅಷ್ಟ ಅಲ್ಲೇನು ಮಾಮಾ, ನೀವು ಒತ್ತಾಯ ಮಾಡಿದ್ರ ಯಾರ ಬ್ಯಾಡಂತಾರ?"

"ಅಲ್ಲೇ ಅದ ನೋಡು ಆಕಿ ಆಟ. ನಾ ಒತ್ತಾಯ ಮಾಡಂಗಿಲ್ಲಂತ. ಬಂದವರಿಗಿ ಶರ್ತು ಹೇಳಂಗಿಲ್ಲಂತ. ಮನಿಯವರು ಲೆಕ್ಕಕ್ಕಿಲ್ಲಂತ. ನೀನೂ ಲೆಕ್ಕಕ್ಕಿಲ್ಲ."

ನಮ್ಮ ಸೀಮೆಯವರಿಗೆ ಈ ಶರತ್ತಿನ ಘೋರತೆ ಕೂಡಲೇ ತಿಳಿಯುತ್ತದೆ. ನಮ್ಮಲ್ಲಿ ಉಣ್ಣುವವರ ಕೆಲಸ "ಸಾಕ್ರಿ" ಎನ್ನುವುದು, ಬಡಿಸುವವರ ಕೆಲಸ ಅದನ್ನು ಕೇಳಿಸಿಕೊಳ್ಳದಿರುವುದು. ಹಸಿದು ಪ್ರಾಣ ಹೋಗುತ್ತಿದ್ದರೂ ತಾನಾಗಿ ಕೈ ಚಾಚಿ ಇನ್ನಷ್ಟು ಕೇಳಿದವನನ್ನು ಊರು ಬಹಳ ದಿನ ನೆನಪಿಟ್ಟುಕೊಳ್ಳುತ್ತದೆ. ಒತ್ತಾಯವೇ ಇಲ್ಲದ ಪಂಕ್ತಿಯಲ್ಲಿ ಎರಡನೇ ಹಿಡಿ ಯಾರು ಕೇಳಬೇಕು? ಮಾಮಿ ಇದನ್ನು ಬಲ್ಲವರೇ. ಬಲ್ಲವರಾದ್ದರಿಂದಲೇ ಹಾಗೆ ಹೇಳಿದ್ದು ಎಂದು ನನಗೆ ಆಗ ಹೊಳೆಯಲಿಲ್ಲ.

"ಈ ಸಲ ಫೋಟೋ ಹೊಡಿಯೋರನ್ನ ತರಬ್ಯಾಡ. ತಿನ್ನೋರನ್ನ ತಾ" ಎಂದು ಮಾಮಾ ಫೋನಿಟ್ಟರು. ಆ ದನಿಯಲ್ಲಿ ಕಂಡಕ್ಟರಿಕೆ ಇರಲಿಲ್ಲ.

ನನ್ನ ಬಳಿ ತಿನ್ನುವವರೊಬ್ಬರಿದ್ದರು. ಬೀದರಿನಲ್ಲಿ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ, ಪಶುವೈದ್ಯಕೀಯ ಓದಲು ಇಥಿಯೋಪಿಯಾದಿಂದ ಬಂದವಳು. ಹೆಸರು ಹಿರುತ್. ನನ್ನ ಅವ್ವ ಅದನ್ನು ಮೊದಲ ದಿನವೇ ರಿಪೇರಿ ಮಾಡಿ ಹೀರಾ ಎಂದು ಇಟ್ಟರು. ಹೀರಾ ಕಲಿತ ಮೊದಲ ಕನ್ನಡ ಪದ "ಸಾಕ್ರಿ". ಅವ್ವನ ಕೈಯ ಊಟಕ್ಕೆ ಕುಳಿತವರಿಗೆ ಅದೊಂದೇ ರಕ್ಷಣೆ. ಎರಡನೆಯದಾಗಿ "ರಿ" ಕಲಿತಳು, ಕಲಿತ ಮೇಲೆ ಕೈಗೆ ಸಿಕ್ಕಿದ್ದಕ್ಕೆಲ್ಲ ಹಚ್ಚಿದಳು. ಅಚ್ಛಾ ರಿ, ಥ್ಯಾಂಕ್ಯೂ ರಿ. ಒಮ್ಮೆ ನಮ್ಮ ನಾಯಿಗೂ ಹಟ್ ರಿ ಎಂದಳು.

ಅವಳಿಗೆ ಹೊಗೆಯ ನೆನಪು ಕಾಡುತ್ತಿತ್ತು. ಅವರ ಹಬ್ಬದ ದಿನ ನಮ್ಮ ಮಾಳಿಗೆಯ ಮೇಲೆ ಹಳೆಯ ಬಾಣಲಿಯಲ್ಲಿ ಇದ್ದಿಲು ಹೊತ್ತಿಸಿ, ತಂತಿಗೆ ಮಾಂಸ ಚುಚ್ಚಿ ಸುಡಲು ಕುಳಿತಿದ್ದಳು. ಪಕ್ಕದ ಮನೆಯ ಜಾಹೇದಾ ಆಪಾ ಬೆಂಕಿ ಬಿದ್ದಿದೆಯೆಂದು ಗಾಬರಿಯಾಗಿ ತಮ್ಮ ಮಾಳಿಗೆಯಿಂದಲೇ ಕೊಡ ನೀರು ಎರಚಿದರು. ಹಬ್ಬ ತೊಯ್ದು ಹೋಯಿತು. ಆಮೇಲೆ ಆಪಾ ತಾವೇ ನಾಚಿ, ಬಿರಿಯಾನಿ ಮಾಡಿ ಕಳಿಸಿದರು, ಹೀರಾ ತಿಂದಳು ಕೂಡ. ಆದರೆ ತಿನ್ನುತ್ತ ತಿನ್ನುತ್ತ ಅತ್ತಳು. ಅಜ್ಜಿಯ ಹೊಲದಲ್ಲಿ ಎಲ್ಲರೂ ಬೆಂಕಿಯ ಸುತ್ತ ಕೂಡುತ್ತಿದ್ದೆವು ಎಂದಷ್ಟೇ ಹೇಳಿದಳು.

ಹಾಗಾಗಿ ಅವಳನ್ನೇ ಕರೆದುಕೊಂಡು ಹೊರಟೆ. ಬೀದರಿನಿಂದ ಭಾಲ್ಕಿಗೆ ಬಸ್ಸು, ಅಲ್ಲಿಂದ ಮೆಹಕರಕ್ಕೆ ಜೀಪು. ಶರತ್ತಿನ ವಿಷಯ ಹೇಳಲಿಲ್ಲ, ಮಾಮಾನ ಮೇಲಿನ ನಿಯತ್ತು. ಬೇಕಾದಷ್ಟು ಕೇಳಿ ತಿನ್ನು, ನಾಚಿಕೊಳ್ಳಬೇಡ ಎಂದು ಮಾತ್ರ ಹೇಳಿದೆ. "ಅಚ್ಛಾ ರಿ" ಎಂದಳು.

ಹೊಲ ತಲುಪಿದಾಗ ಬಿಸಿಲು ಆಗಷ್ಟೇ ಏರುತ್ತಿತ್ತು. ಫಕ್ರೋದ್ದೀನ ಚಾಚಾ ಔರಾದದಿಂದ ಬಂದು ಆಗಲೇ ಗುಣಿಯ ಬಳಿ ಜಾಗ ಹಿಡಿದಿದ್ದರು. ಮಾಮಾ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು, ತುದಿ ಸುಟ್ಟ ಕೋಲು ಹಿಡಿದು, ಕೆಂಡಕ್ಕೆ ಅಪ್ಪಣೆ ಕೊಡುತ್ತಿದ್ದರು. ಮಾಮಿ ಅಷ್ಟು ದೂರದ ಶೆಡ್ಡಿನ ಮುಂದೆ ಒರಳಿನಲ್ಲಿ ಹಸಿಖಾರ ಕುಟ್ಟುತ್ತಿದ್ದರು. ಪಕ್ಕದ ಒಲೆಯ ಮೇಲೆ ರೊಟ್ಟಿಯ ಹಂಚು.

ಬೇವಿನ ಗಿಡದ ಕೆಳಗೆ ಇನ್ನೊಂದು ಹೊಗೆ ಏಳುತ್ತಿತ್ತು. ಅದು ಮಾಮಾನ ಮಗ ಅಶ್ವಜಿತನದು. ಭಾಲ್ಕಿಯ ಬ್ಯಾಂಕೊಂದರಲ್ಲಿ ಕೆಲಸ ಅವನಿಗೆ. ಆನ್‌ಲೈನಿನಲ್ಲಿ ಕಬ್ಬಿಣದ ಒಂದು ಯಂತ್ರ ತರಿಸಿ, ಇಬ್ಬರು ಗೆಳೆಯರೊಡನೆ ಅದಕ್ಕೆ ಸ್ಕ್ರೂ ಜೋಡಿಸಿ, ಮಸಾಲೆ ಹಚ್ಚಿದ ಕೋಳಿಯನ್ನು ಮಲಗಿಸಿದ್ದ.

"ಅದೇನಂತ ಗೊತ್ತೇನು ಸುಮನಾ?" ಮಾಮಾ ಕೋಲಿನಿಂದ ಅತ್ತ ತೋರಿಸಿದರು. "ಬಾರ್ಬಿಕ್ಯೂ ಅಂತ. ಕ್ಯೂ ಅಂದ್ರ ನನಗ ಗೊತ್ತದ, ಬಸ್ ಸ್ಟ್ಯಾಂಡಿನ್ಯಾಗ ಯಾರೂ ನಿಂದರಲ್ಲ ನೋಡು, ಅದು. ಈ ಬಾರ್ಬಿ ಯಾರ ಪೈಕಿ?"

"ಅಪ್ಪಾ, ನಿಮ್ಮದೂ ಅದೇ ಅದ, ತೆಗ್ಗಿನ್ಯಾಗ ಅದ ಅಷ್ಟೇ" ಎಂದ ಅಶ್ವಜಿತ.

"ಅದಕ್ಕೇ ಅದರ ಕಾಲ ಅಲಗಾಡ್ತಾವ, ನಂದು ಅಲಗಾಡಲ್ಲ" ಎಂದರು ಮಾಮಾ. ಹೀರಾಳನ್ನು ನೋಡಿ ಜೈ ಭೀಮ್ ಹೇಳಿ, ಗುಣಿಯ ಪಕ್ಕ ಗೋಣಿತಾಟು ಹಾಸಿದರು. "ಕೂಡವ್ವಾ, ಕೂಡು. ವಿಂಡೋ ಸೀಟ್ ನಿನಗ."

ಮೊದಲ ತೆನೆಗಳು ಹೊರಬಂದವು. ಮಾಮಾ ಅಂಗೈಯಲ್ಲಿ ತಿಕ್ಕಿ, ಊದಿ, ಎಲ್ಲರ ಮುಂದಿನ ಎಲೆಗೂ ಒಂದೊಂದು ಹಿಡಿ ಹಾಕಿದರು. ಅಶ್ವಜಿತನ ಗೆಳೆಯರೂ ಬಂದು ಕುಳಿತರು. ಹಿಂಡಿ ಬಂತು, ಮೊಸರು ಬಂತು. ಮಾಮಿ ತಂದಿಟ್ಟು, ಯಾರ ಮುಖವನ್ನೂ ನೋಡದೆ ಒರಳಿಗೆ ಮರಳಿದರು. ಆದರೆ ಕುಟ್ಟುವ ಸದ್ದು ಆಗಾಗ ನಿಲ್ಲುತ್ತಿತ್ತು. ಮಾಮಿ ಕಿವಿಗೊಡುತ್ತಿದ್ದರು.

ಎಲ್ಲರೂ ತಿಂದರು, ಏನೂ ಉಳಿಸದೆ ತಿಂದರು. ಆಮೇಲೆ ಏನಾಗಬೇಕೋ ಅದೇ ಆಯಿತು. ಗೆಳೆಯರಿಬ್ಬರೂ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎಂದರು. ಮಾಮಾ ಬಾಯಿ ತೆರೆದರು, ಶೆಡ್ಡಿನ ಕಡೆ ನೋಡಿದರು, ಮುಚ್ಚಿದರು. ಜೀವಮಾನವಿಡೀ "ಇನ್ನೊಬ್ಬರು ಹತ್ತರಿ" ಎಂದ ಬಾಯಿ ಅದು. ಆ ಕ್ಷಣ ಅದು ಅನುಭವಿಸಿದ ಹಿಂಸೆಯನ್ನು ನೋಡಲಾಗಲಿಲ್ಲ. ನೋಡಿದೆ, ನಗು ಬಂತು, ಆ ಮಾತು ಬೇರೆ.

ಫಕ್ರೋದ್ದೀನ ಚಾಚಾ ಮಾಮೂಲಿನಂತೆ "ಬಸ್ ರೀ, ಸಾಕು" ಎಂದು ಎಲೆಯ ಮೇಲೆ ಕೈ ಹಿಡಿದರು. ಆ ಕೈಯನ್ನು ಸರಿಸಿ ಸುರಿಯುವುದು ಮಾಮಾನ ಪಾಳಿ. ಮಾಮಾ ಸರಿಸಲಿಲ್ಲ. ಚಾಚಾ ಕೈ ಹಿಡಿದೇ ಕಾದರು. ಬೆರಳುಗಳನ್ನು ಸ್ವಲ್ಪ ಅಗಲಿಸಿದರು. ಸುಳ್ಳೇ ಕೆಮ್ಮಿದರು. ಕಡೆಗೆ ತಾವೇ ಕೈ ತೆಗೆದು ನನ್ನತ್ತ ವಾಲಿ, "ಏನ್ ಬೇಟಿ, ಪಂಢರಿಗಿ ಆರಾಮ ಇಲ್ಲೇನು?" ಎಂದು ಕೇಳಿದರು. ಒಬ್ಬ ಮನುಷ್ಯ ಎರಡನೇ ಹಿಡಿಗಾಗಿ ಅಷ್ಟು ಹಂಬಲಿಸಿದ್ದನ್ನು ನಾನು ಕಂಡಿಲ್ಲ. ಕೇಳಲು ಮಾತ್ರ ಅವರ ಮರ್ಯಾದೆ ಒಪ್ಪಲಿಲ್ಲ.

ಉಳಿದವಳು ಹೀರಾ. ನಾನು ಅವಳನ್ನೇ ನೋಡಿದೆ. ಅವಳ ಎಲೆ ಖಾಲಿಯಾಗಿತ್ತು, ಕಣ್ಣು ತುಂಬಿತ್ತು. ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದುಕೊಂಡೆ. ಅವಳು ಎರಡೂ ಕೈ ಜೋಡಿಸಿ, ನಮ್ಮ ಮನೆಯಲ್ಲಿ ಕಲಿತದ್ದೆಲ್ಲವನ್ನೂ ಒಟ್ಟು ಮಾಡಿ, ಸ್ಪಷ್ಟ ಕನ್ನಡದಲ್ಲಿ ಹೇಳಿದಳು:

"ಸಾಕ್ರಿ."

ನನಗೆ ನನ್ನ ಅವ್ವನ ಮೇಲೆಯೇ ಸಿಟ್ಟು ಬಂತು. ಕಲಿಸಿದ್ದೇ ಕಲಿಸಿದ್ದು, ಬೇರೆ ಪದ ಇರಲಿಲ್ಲವೇ? ಮಾಮಾ ಕೋಲನ್ನು ನೆಲಕ್ಕೆ ಊರಿ ಪಟ್ಟಿಯ ಕಡೆ ನೋಡಿದರು. ಉಳಿದ ಜೋಳ ಗಾಳಿಗೆ ತೂಗುತ್ತಿತ್ತು. ಅವರ ಮುಖ ಸಣ್ಣದಾಗಿತ್ತು. ತಮ್ಮ ಅವ್ವನ ಕೈಗೆ ಬಿಸಿ ಹಿಡಿ ಕೊಟ್ಟ ಆ ನೆಲದಲ್ಲಿ ಬರುವ ವರ್ಷ ಕಡಲೆ ಬರುತ್ತದೆ, ಅಷ್ಟೇ. ಕಡಲೆ ಕೆಟ್ಟದ್ದೇನಲ್ಲ, ಆದರೆ ಅದು ಯಾರನ್ನೂ ಸುತ್ತ ಕೂಡಿಸುವುದಿಲ್ಲ.

ಬೇವಿನ ಗಿಡದ ಕಡೆಯಿಂದ ಅಶ್ವಜಿತ ಕೋಳಿ ತಂದ. ಹೊರಗೆ ಕರ್ರಗಾಗಿತ್ತು, ಒಳಗೆ ಇನ್ನೂ ಹಸಿ ಇತ್ತು. ಅದರ ಬಗ್ಗೆ ಇಷ್ಟು ಸಾಕು.

"ಮಾಮಾ ರಿ" ಎಂದಳು ಹೀರಾ ಇದ್ದಕ್ಕಿದ್ದಂತೆ. ಅವಳ ಕನ್ನಡ, ದಖ್ಖನಿ, ಕೈಸನ್ನೆ ಮೂರೂ ಸೇರಿದಾಗ ನಮಗೆ ತಿಳಿದದ್ದು ಇಷ್ಟು: ಅವರ ಊರಲ್ಲೂ ಜೋಳ ಬೆಳೆಯುತ್ತದೆ. ಅವಳ ಅಜ್ಜಿಯ ಹೊಲದಲ್ಲಿ ಎಳೆ ತೆನೆ ಸುಡುತ್ತಾರೆ. ಅದಕ್ಕೆ ಎಶೆತ್ ಎನ್ನುತ್ತಾರೆ. ಇದೇ ರುಚಿ, ಇದೇ ಹೊಗೆ. ಕಣ್ಣು ತುಂಬಿದ್ದು ಅದಕ್ಕೆ.

ಮಾಮಾ ಬೆಪ್ಪಾದರು. ಹುರಡಾ ಮಂದಿಯನ್ನೇ ಒಪ್ಪದವರಿಗೆ ಈಗ ಸಮುದ್ರದಾಚೆಯಿಂದ ಪಾಲುದಾರರು ಬಂದಿದ್ದರು. "ಏನಂದಿ? ಎಶೆತ್? ಸೀತನಿ, ಎಶೆತ್..." ಎಂದು ಎರಡನ್ನೂ ಬಾಯಲ್ಲಿ ಹೊರಳಿಸಿ ನೋಡಿದರು. ಆಮೇಲೆ ಸಮಾಧಾನ ಮಾಡಿಕೊಂಡು, "ಅಂದ್ರ ನಮ್ಮವರು ಯಾರೋ ಅಲ್ಲಿಗಿ ಹೋಗಿ ಕಲಿಸ್ಯಾರ" ಎಂದರು.

"ಇಲ್ಲ ರಿ. ನಮ್ಮವರು ಇಲ್ಲಿ ಬಂದು ಕಲಿಸಿದ್ದು ರಿ" ಎಂದಳು ಹೀರಾ.

ಚಾಚಾ ತೊಡೆ ತಟ್ಟಿ ನಕ್ಕರು. ಅಷ್ಟರಲ್ಲಿ ಹೀರಾ ಮಾಮಾನ ಕೈಯಿಂದ ಕೋಲನ್ನೇ ತೆಗೆದುಕೊಂಡಳು. ಆ ಕೋಲನ್ನು ಇನ್ನೊಬ್ಬರ ಕೈಯಲ್ಲಿ ನಾವು ಯಾರೂ ಕಂಡಿರಲಿಲ್ಲ. ತಾನೇ ನಾಲ್ಕಾರು ತೆನೆ ಹುಗಿದು, ತಿರುವಿ, ಎಳೆದು, ತಿಕ್ಕಿ, ಊದಿದಳು. ಹಿಡಿ ತುಂಬ ಬಿಸಿ ಕಾಳು ಹಿಡಿದುಕೊಂಡು ಸುತ್ತ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರನ್ನೋ ಹುಡುಕುವವಳ ಹಾಗೆ.

"ಮಾಮಿ ತಿಂದಾರ ರಿ?"

"ಆಕಿ ಆಮ್ಯಾಲ ತಿಂತಾಳ" ಎಂದರು ಮಾಮಾ. ಅದು ಎಷ್ಟು ಸಹಜವಾಗಿ ಬಂದ ಮಾತೆಂದರೆ ನಾವು ಯಾರೂ ತಲೆ ಎತ್ತಲಿಲ್ಲ.

ಹೀರಾ ಎದ್ದು ಶೆಡ್ಡಿನ ಕಡೆ ನಡೆದಳು. ಮಾಮಿಯ ಎರಡೂ ಕೈಗೆ ಖಾರ ಮೆತ್ತಿಕೊಂಡಿತ್ತು. ತಮಗೆ ಈಗ ಬೇಡವೆಂದು ತಲೆಯಾಡಿಸಿದರು. ಹೀರಾ ಕೇಳಲಿಲ್ಲ. ಅವರ ನಾಡಿನಲ್ಲಿ ಪ್ರೀತಿಯವರಿಗೆ ತುತ್ತನ್ನು ಕೈಯಾರೆ ಬಾಯಿಗಿಡುವ ಪದ್ಧತಿಯಂತೆ, ಆಮೇಲೆ ಹೇಳಿದಳು. ಮಾಮಿಗೆ ಅದು ಗೊತ್ತಿಲ್ಲ.

"ಅಯ್ಯ, ಇದೇನ್ ಮಾಡ್ಲತ್ತಿ ಹೀರಾ—"

ಬೈಯಲು ತೆರೆದ ಬಾಯಿಗೆ ಸೀತನಿ ಬಿತ್ತು.

ಮಾಮಿ ಅಗಿದರು. ಇನ್ನೊಮ್ಮೆ ಅಗಿದರು. ಕಣ್ಣು ಎಲ್ಲೋ ನೆಟ್ಟಿತ್ತು. ನುಂಗಿದ ಮೇಲೆ ಎದ್ದು, ಕೊಡದ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ನಮ್ಮ ಕಡೆ ಬಂದರು. ನನ್ನ ಮತ್ತು ಚಾಚಾನ ನಡುವೆ ನಿಂತು ನಮ್ಮನ್ನು ನೋಡಿದರು. ನಾವು ಸರಿದೆವು. ಮಾಮಿ ಗುಣಿಯ ಪಕ್ಕ ಕುಳಿತರು. ಕುಳಿತು ಅಂಗೈ ಚಾಚಿದರು.

"ಇನ್ನೊಂದ್ ಹಿಡಿ ಕೊಡ್ರಿ."

"ಯಾರಿಗಿ?" ಎಂದರು ಮಾಮಾ.

"ನನಗ್ರಿ."

ಅಶ್ವಜಿತನಿಗೆ ತಡೆಯಲಾಗಲಿಲ್ಲ. ಬ್ಯಾಂಕಿನವನು ನೋಡಿ, ನಿಯಮ ನೆನಪಾಯಿತು. "ಅವ್ವಾ, ಮನಿಯವರು ಲೆಕ್ಕಕ್ಕಿಲ್ಲ ಅಂತ ನೀನೇ ಅಂದಿದ್ದಿ."

"ಇಷ್ಟ ವರ್ಷ ನಾ ಯಾರ ಲೆಕ್ಕದಾಗ ಇದ್ದೆ?"

ಮಾಮಿ ಅದನ್ನು ಜೋರಾಗಿ ಹೇಳಲಿಲ್ಲ. ರೊಟ್ಟಿ ಬೆಂದಿದೆ ಎನ್ನುವ ದನಿಯಲ್ಲೇ ಹೇಳಿದರು. "ಕಮಲನಗರದಾಗ ನಮ್ಮಪ್ಪನ ಹೊಲದಾಗ ತಿಂದಿದ್ದೆ ನೋಡ್ರಿ, ಬಿಸಿದು. ಲಗ್ನ ಆಗಿ ಬಂದ ಮ್ಯಾಲ ಇಲ್ಲ. ಖಾರ ಕುಟ್ಟಿ, ರೊಟ್ಟಿ ಬಡದು, ನಾ ಬರೋದ್ರಾಗ ನೀವು ರೈಟ್ ಅಂದು ಬೂದಿ ಎಳದಿರ್ತಿದ್ರಿ. ಆರಿದ್ದು ತಿಂತಿದ್ದೆ. ಆರಿದ್ದರಾಗ ಏನದ? ಅದಕ್ಕೇ ಅಂದೆ, ಕಡ್ಲಿ ಹಾಕಿದ್ರ ಹಕ್ಕಿ ಕಾಯೋದರೆ ತಪ್ತದ ಅಂತ."

ತಗ್ಗಿನ ಕೆಂಡ ಚಟ್ ಎಂದಿತು. ಮಾಮಾ ಮಾಮಿಯನ್ನು ನೋಡಿದರು, ಶೆಡ್ಡನ್ನು ನೋಡಿದರು, ನಡುವಿನ ಆ ಅಷ್ಟು ದೂರವನ್ನು ನೋಡಿದರು. ಅವರ ಅವ್ವ ನಿಲ್ಲುತ್ತಿದ್ದ ದೂರ ಅದಕ್ಕಿಂತ ಹೆಚ್ಚೇನೂ ಇದ್ದಿರಲಾರದು. ಅದು ಮಾಮಾನಿಗೆ ಹೊಳೆಯಿತು. ಔರಾದ ದಾರಿಯ ಪ್ರತಿ ಮುದುಕಿಗೂ ಬಸ್ಸು ನಿಲ್ಲಿಸಿದ ಮನುಷ್ಯ ತನ್ನ ಮನೆಯವಳೇ ಸ್ಟಾಪಿನಲ್ಲಿ ಉಳಿದದ್ದನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅವರನ್ನು ನೋಡಿ ಅಳುವೂ ಬಂತು.

ಮಾಮಾ ಕೋಲಿಗಾಗಿ ಕಾಯಲಿಲ್ಲ. ಬರಿಗೈಯನ್ನೇ ಕೆಂಡಕ್ಕೆ ಹಾಕಿ ತೆನೆ ಎಳೆದರು. ಹಾ ಹಾ ಎನ್ನುತ್ತ ತಿಕ್ಕಿದರು, ಊದಿದರು, ಒಂದು ಸಿಪ್ಪೆಯೂ ಉಳಿಯದಂತೆ ಮತ್ತೆ ಊದಿದರು. ಮಾಮಿಯ ಅಂಗೈಗೆ ಸುರಿದರು. ಮಾಮಿ ತಿಂದರು. ಮತ್ತೆ ಅಂಗೈ ಚಾಚಿದರು.

ಆ ಅಂಗೈಯನ್ನು ಕಂಡದ್ದೇ ತಡ, ಊರ ಮರ್ಯಾದೆ ಮುರಿದುಬಿತ್ತು. "ಏ ಪಂಢರಿ, ಭಾಭಿನೇ ಕೇಳ್ತಾರಂದ್ರ ನಂದೇನಪಾ ತಪ್ಪು? ಹಾಕು ಇಲ್ಲಿ" ಎಂದು ಫಕ್ರೋದ್ದೀನ ಚಾಚಾ ಎರಡೂ ಕೈ ಬೊಗಸೆ ಮಾಡಿದರು. ಅಶ್ವಜಿತನ ಗೆಳೆಯರು ಎಲೆಯನ್ನೇ ಮುಂದೆ ತಳ್ಳಿದರು. ಹೀರಾ "ಸಾಕಿಲ್ಲ ರಿ!" ಎಂದು ಕೂಗಿದಳು. ಅದು ಕನ್ನಡವಲ್ಲ, ಆದರೆ ಅದಕ್ಕಿಂತ ಒಳ್ಳೆಯ ಕನ್ನಡವನ್ನು ನಾನು ಆ ದಿನ ಕೇಳಲಿಲ್ಲ. ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು, ತಿದ್ದಲು ಹೋಗಲಿಲ್ಲ.

"ಪಟ್ಟಿ ಉಳೀತೇನು?" ಎಂದು ಮಾಮಾ ಮೆಲ್ಲಗೆ ಕೇಳಿದರು. ಅಂಗೈ ಕೆಂಪಗಾಗಿತ್ತು.

"ಉಳೀತು. ಖರೇ ಮುಂದಿನ ವರ್ಷ ನಾ ಇಲ್ಲೇ ಕೂಡ್ತೇನಿ. ಖಾರ ನೀವು ಕುಟ್ರಿ."

"ಕುಟ್ತೇನಿ."

"ರೊಟ್ಟಿನೂ."

ಮಾಮಾ ರೊಟ್ಟಿ ಬಡಿದರೆ ಆಗಬಹುದಾದ ಅನಾಹುತವನ್ನು ನೆನೆದು ಚಾಚಾ ಕಿವಿ ಮುಟ್ಟಿಕೊಂಡರು.

ಬಿಸಿಲು ನೆತ್ತಿಗೆ ಬಂತು. ಕೆಂಡ ತೆಳುವಾಯಿತು. ಕೊಯ್ದು ತಂದ ತೆನೆಗಳೆಲ್ಲ ಮುಗಿದು, ಎಲ್ಲರ ಮೀಸೆ ಮೂತಿಗೆ ಮಸಿ ಹತ್ತಿ, ಯಾರ ಹೊಟ್ಟೆಯಲ್ಲೂ ಜಾಗ ಉಳಿದಂತೆ ಕಾಣಲಿಲ್ಲ. ಮಾಮಾ ಎದ್ದು ಬೂದಿ ಎಳೆಯಲು ಕೋಲು ಕೈಗೆ ತೆಗೆದುಕೊಂಡರು. ಅಭ್ಯಾಸದಂತೆ ಸುತ್ತಲೂ ಒಮ್ಮೆ ನೋಡಿ ಕೂಗಲು ಬಾಯಿ ತೆರೆದವರು, ಹಾಗೇ ನಿಂತು, ಕೆಳಗೆ ಕುಳಿತಿದ್ದ ಮಾಮಿಯ ಕಡೆ ತಿರುಗಿದರು. ಕೂಗಲಿಲ್ಲ, ಕೇಳಿದರು.

"ಯಾರರೆ ಉಳದೀರೇನ್ರಿ?"

ಮಾಮಿಯ ಬಾಯಿ ತುಂಬ ಕಾಳಿತ್ತು. ಕೈ ಮೇಲೆತ್ತಿದರು.

"ನಾ ಉಳದೀನಿ. ಬಸ್ ನಿಂದರಸ್ರಿ."

ಮಾಮಾ "ರೈಟ್" ಎನ್ನಲಿಲ್ಲ. ಕೋಲು ಕೆಳಗಿಟ್ಟು, ಕುಡುಗೋಲು ತೆಗೆದುಕೊಂಡು, ಇನ್ನೊಂದಿಷ್ಟು ತೆನೆ ಕೊಯ್ಯಲು ಪಟ್ಟಿಗೆ ಇಳಿದರು.